ಬುಗುರಿಯ ಬಣ್ಣ

ವ್ಯಾಪಾರವೆಂಬ ಮಾತು ಕಿವಿಗೆ ಬಿದ್ದೊಡನೆ ಪಾಠ ಹೇಳುವವರು ಒಂದು ಹೆಜ್ಜೆ ಹಿಂದೆ ಸರಿಯುವುದು ವಾಡಿಕೆ. ತಕ್ಕಡಿ, ಗಲ್ಲಾಪೆಟ್ಟಿಗೆ, ರಸೀದಿ ಇವೆಲ್ಲ ಬೇರೆಯವರ ಬಾಳು, ನಮಗೇನಿದ್ದರೂ ಕಪ್ಪುಹಲಗೆ ಮತ್ತು ಸೀಮೆಸುಣ್ಣ ಎಂದುಕೊಂಡು ನಾವು ಹನ್ನೆರಡು ವರ್ಷಗಳಿಂದ ಈ ಹೈದರಾಬಾದು ನಗರದಲ್ಲಿ ಕನ್ನಡ ಕಲಿಸಿಕೊಂಡು ಬಂದಿದ್ದೇವೆ. ಕಳೆದ ವರ್ಷ ಮಾತ್ರ, ಮೂರೇ ಮೂರು ಗಂಟೆಗಳ ಕಾಲ, ನಾವೂ ವ್ಯಾಪಾರಿಗಳಾದೆವು. ಆ ಮೂರು ಗಂಟೆಗಳೊಳಗೆ ಒಂದು ಸುಳ್ಳನ್ನೂ ಹೇಳಿದೆವು. ಅದನ್ನು ನಮ್ಮಿಂದ ಯಾರೂ ಬಲವಂತವಾಗಿ ಹೇಳಿಸಲಿಲ್ಲ. ಕೇಳಿಸಿಕೊಂಡವರು ನೀವೇ ಆದುದರಿಂದ ಅದರ ಕಥೆಯನ್ನು ನಿಮ್ಮ ಪತ್ರಿಕೆಯಲ್ಲಿಯೇ ಬರೆಯುವುದು ನ್ಯಾಯವೆಂದು ತೋರಿತು.

ವಾಚನಾಲಯದ ಕೆಳಗಿನ ಸಾಲಿನ ಪುಸ್ತಕಗಳಿಗೆ ಗೆದ್ದಲು ಹತ್ತಿದುದು ನಿಮಗೆ ನೆನಪಿರಬಹುದು. ಕಬ್ಬಿಣದ ಕಪಾಟೊಂದನ್ನು ಕೊಳ್ಳಬೇಕೆಂದು ಎಂಟನೆಯ ತರಗತಿಯವರು ಹಟ ಹಿಡಿದರು. ವಾರ್ಷಿಕೋತ್ಸವದ ದಿನ ಒಂದು ಅಂಗಡಿಯಿಡುವುದು, ಬಂದ ಲಾಭವನ್ನು ಕಪಾಟಿಗೆ ಕೂಡಿಹಾಕುವುದು ಎಂದು ನಿಶ್ಚಯವಾಯಿತು. ಅದೇ ಹೊತ್ತಿಗೆ, 2025ರ ಜನವರಿಯ ಕೊನೆಯಲ್ಲಿ, ಸ್ನೇಹಿತರೊಬ್ಬರ ಮದುವೆಗಾಗಿ ನಾವು ವಿಶಾಖಪಟ್ಟಣಕ್ಕೆ ಹೋಗಬೇಕಾಗಿತ್ತು. ಹೋಗುವ ದಾರಿಯಲ್ಲಿ ವಿಜಯವಾಡ, ಅದರ ಬಳಿ ಕೊಂಡಪಲ್ಲಿ. ವಿಶಾಖಪಟ್ಟಣದ ಈಚೆಗೆ ಏಟಿಕೊಪ್ಪಾಕ. ಎರಡೂ ಬೊಂಬೆಗಳಿಗೆ ಹೆಸರಾದ ಊರುಗಳು. “ಬೊಂಬೆ ತರುತ್ತೇವೆ, ಮಾರೋಣ” ಎಂದೆವು. ಮಕ್ಕಳು ಐವತ್ತು, ನೂರು ಎಂದು ತಂದುಕೊಟ್ಟ 4,200 ರೂಪಾಯಿ ನಮ್ಮ ಚೀಲ ಸೇರಿತು. ಅದರಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ತಾಯಂದಿರ ಅರ್ಧ ದಿನದ ಕೂಲಿಯೂ ಇತ್ತೆಂಬುದನ್ನು ನಾವು ಬಲ್ಲೆವು.

ವಿಜಯವಾಡದಲ್ಲಿ ಮುಂಜಾನೆ ಇಳಿದಾಗ ಮೊದಲು ಕಂಡದ್ದು ಕೃಷ್ಣೆ. ರಾಯಚೂರು ಸೀಮೆಯಿಂದ ಬಂದ ನಿಮ್ಮಲ್ಲಿ ಹಲವರಿಗೆ ಅವಳು ಊರಿನವಳೇ. ಇಲ್ಲಿ ಪ್ರಕಾಶಂ ಬ್ಯಾರೇಜಿನ ಹಿಂದೆ ಅಗಲವಾಗಿ ನಿಂತಿದ್ದ ನೀರನ್ನು ನೋಡಿ, ತವರಿನಲ್ಲಿ ಬಲ್ಲ ಹುಡುಗಿಯನ್ನು ಗಂಡನ ಮನೆಯಲ್ಲಿ ಯಜಮಾನಿಯಾಗಿ ಕಂಡಂತಾಯಿತು. ಅಲ್ಲಿಂದ ಕೊಂಡಪಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರು. ದಾರಿಯಲ್ಲಿ ಇಬ್ರಾಹಿಂಪಟ್ಟಣದ ಉಷ್ಣವಿದ್ಯುತ್ ಸ್ಥಾವರದ ಹೊಗೆಗೊಳವೆಗಳು, ಆಚೆಗೆ ಕೋಟೆಯನ್ನು ಹೊತ್ತ ಗುಡ್ಡಗಳು. ಆ ಗುಡ್ಡಗಳಲ್ಲಿ ಬೆಳೆಯುತ್ತಿದ್ದ ತೆಲ್ಲ ಪೊಣಿಕಿ ಎಂಬ ಹಗುರವಾದ ಮರವೇ ಕೊಂಡಪಲ್ಲಿ ಬೊಂಬೆಗೆ ಆಧಾರ.

ಮನೆಯ ಜಗಲಿಯ ಮೇಲೆ ಕುಳಿತು ಉಳಿಯಿಂದ ಆನೆಯೊಂದರ ಬೆನ್ನನ್ನು ತಿದ್ದುತ್ತಿದ್ದ ಹಿರಿಯರೊಬ್ಬರು ನಮಗೆ ಮಣೆ ಕೊಟ್ಟು ಕುಳ್ಳಿರಿಸಿದರು. ನಮ್ಮ ತೆಲುಗು ಹನ್ನೆರಡು ವರ್ಷದ ಕೂಸು. ತಪ್ಪು ಹೆಜ್ಜೆಯಿಟ್ಟರೂ ನಡೆಯುತ್ತದೆ. ಪೊಣಿಕಿಯನ್ನು ಹದವಾದ ಬಿಸಿಯಲ್ಲಿ ಒಣಗಿಸುವುದು, ಕೈ, ಕಾಲು, ಸೊಂಡಿಲುಗಳನ್ನು ಬೇರೆ ಬೇರೆಯಾಗಿ ಕೆತ್ತುವುದು, ಹುಣಿಸೇಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಅವನ್ನು ಬೆಸೆಯುವುದು, ಮೇಲೆ ಸುಣ್ಣ ಬಳಿದು ಬಣ್ಣ ಕೊಡುವುದು ಇದೆಲ್ಲವನ್ನೂ ಅವರು ತೋರಿಸಿದರು. ಆನೆಯ ಮೇಲೆ ಅಂಬಾರಿ! ಮೈಸೂರು ಸೀಮೆಯಲ್ಲಿ ಹುಟ್ಟಿದವರಿಗೆ ಅದನ್ನು ಕಂಡು ಸುಮ್ಮನೆ ಬರಲಾದೀತೆ? ಅಂಬಾರಿ ಆನೆ, ಎತ್ತಿನ ಗಾಡಿ, ತಾಳೆಯ ಮರ ಹತ್ತುವವನು ಎಂದು ಹತ್ತು ಬೊಂಬೆಗಳನ್ನು ಆರಿಸಿ 1,500 ರೂಪಾಯಿ ಎಣಿಸಿದೆವು.

ಹಣವನ್ನು ಕಣ್ಣಿಗೊತ್ತಿಕೊಂಡ ಹಿರಿಯರು, “ಪಂತುಲುಗಾರೂ, ಮನೆಯಲ್ಲಿ ಹಲ್ಲು ಮೂಡುವ ಕೂಸಿದೆಯೇ?” ಎಂದು ಕೇಳಿದರು. ಏಕೆಂದೆವು. ಇವು ಅಂಗಡಿಯಿಂದ ತಂದ ಎನಾಮೆಲ್ ಬಣ್ಣದವು, ಸಂಕ್ರಾಂತಿ ದಸರೆಗಳಲ್ಲಿ ಬೊಂಬೆಗಳನ್ನು ಕೂರಿಸುವಾಗ ಇಡತಕ್ಕವು, ಕೂಸಿನ ಬಾಯಿಗೆ ಕೊಡತಕ್ಕವಲ್ಲ ಎಂದರು. ಹಿಂದೆ ಗಿಡದ ಬಣ್ಣಗಳೇ ಇದ್ದುವು. ಈಗಲೂ ಕೇಳಿದವರಿಗೆ ಹಾಗೆ ಮಾಡಿಕೊಡುವುದುಂಟು. ಕೇಳುವವರು ಕಡಿಮೆ ಎಂದರು. ಮರದ ಮಾತು ಬಂದಾಗ ಉಳಿಯನ್ನು ಕೆಳಗಿಟ್ಟರು. ತಮ್ಮ ಬಾಲ್ಯದಲ್ಲಿ ಹಿತ್ತಲಿಗೆ ಹೋಗಿ ಬಂದಂತೆ ಗುಡ್ಡಕ್ಕೆ ಹೋಗಿ ತರುತ್ತಿದ್ದ ಪೊಣಿಕಿಗೆ ಈಗ ದೂರ ಅಲೆಯಬೇಕಾಗಿದೆಯಂತೆ. ಸಸಿ ನೆಡುವ ಕೆಲಸ ಮೊದಲಾಗಿದೆಯಂತೆ. ಆದರೆ ಮರ ಬೆಳೆಯುವ ಕಾಲವೇ ಬೇರೆ, ಹೊಟ್ಟೆ ಹಸಿಯುವ ಕಾಲವೇ ಬೇರೆಯಂತೆ. ವ್ಯಾಪಾರ ಮುಗಿದ ಮೇಲೆ ತಮ್ಮ ಸರಕಿನ ಕೊರತೆಯನ್ನು ತಾವೇ ಹೇಳಿದ ಆ ಹಿರಿಯರನ್ನು ಆಗ ನಾವು ಸ್ವಲ್ಪ ಅಮಾಯಕರೆಂದೇ ಭಾವಿಸಿದೆವು. ನಮ್ಮ ಬುದ್ಧಿ ಅಷ್ಟರದು.

ವಿಶಾಖಪಟ್ಟಣದಲ್ಲಿ ಮದುವೆ ಮುಗಿಯಿತು. ಸಮುದ್ರತೀರದಲ್ಲಿ ನಿಂತು, ಬಂದರಿನೊಳಕ್ಕೆ ಬರಲು ಸರದಿ ಕಾಯುತ್ತಿದ್ದ ಹಡಗುಗಳನ್ನು ಎಣಿಸಿದೆವು. ಸಂಜೆ ಗಿರಿಜನ ಸಹಕಾರ ಸಂಸ್ಥೆಯ ಮಳಿಗೆಯನ್ನು ಹೊಕ್ಕೆವು. 1956ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಇದೇ ನಗರದಲ್ಲಿ. ಬೆಟ್ಟಗಳಲ್ಲಿ ಗಿರಿಜನರು ಕೂಡಿಸಿದ ಜೇನು, ಅಂಟುವಾಳ, ಸೀಗೆ, ಹುಣಿಸೆಗಳನ್ನು ಕೊಂಡು ಮಾರುತ್ತದೆ. ಅದೇ ಬೆಟ್ಟಗಳ ಅರಕು ಕಾಫಿಗೂ ನಮ್ಮ ಕೊಡಗು ಚಿಕ್ಕಮಗಳೂರುಗಳ ಕಾಫಿಗೂ ಒಂದೇ ವರ್ಷ, 2019ರಲ್ಲಿ, ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಇಂಥ ಊರಿನ, ಇಂಥ ಹೆಸರಿನ ಸರಕು ಇದು ಎಂದು ಕಾನೂನು ಕೊಡುವ ರಕ್ಷಣೆಯೇ ಈ ಸೂಚಿಕೆ. ಏಟಿಕೊಪ್ಪಾಕದ ಬೊಂಬೆಗಳಿಗೆ ಅದು ಬಂದದ್ದು 2017ರಲ್ಲಿ.

ತಪ್ಪು ನಡೆದದ್ದು ಅದೇ ಸಂಜೆ. ಬೊಂಬೆಗಳಿಗಾಗಿ ಏಟಿಕೊಪ್ಪಾಕಕ್ಕೇ ಹೋಗುವುದೆಂದಿದ್ದೆವಷ್ಟೆ. ಅದು ವಿಶಾಖಪಟ್ಟಣದಿಂದ ಅರವತ್ತು ಕಿಲೋಮೀಟರಿಗೂ ಮೇಲೆ. 2022ರಿಂದ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಅದೇ ವಾರ ದೆಹಲಿಯ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಆಂಧ್ರಪ್ರದೇಶದ ಸ್ತಬ್ಧಚಿತ್ರವಾಗಿ ಏಟಿಕೊಪ್ಪಾಕದ ಬೊಂಬೆಗಳೇ ಸಾಗಿದ್ದುವು. ಆದಕಾರಣವೋ ಏನೋ, ಊರಿನ ಅಂಗಡಿಯೊಂದರ ಮುಂದೆ ಬುಗುರಿಗಳೂ ಗಿಲಕಿಗಳೂ ರಾಶಿಯಾಗಿ ಕುಳಿತಿದ್ದುವು. ಒಂದೊಂದರ ಮೇಲೂ ಹಸಿರು ಎಲೆಯ ಚಿತ್ರ, ಅದರ ಕೆಳಗೆ “ನೂರಕ್ಕೆ ನೂರು ಸಹಜ” ಎಂಬ ಅಚ್ಚು. ಬೆಲೆ ಮೂವತ್ತು ರೂಪಾಯಿ. ಯಾರು ಮಾಡಿದರು, ಯಾವ ಊರಿನಲ್ಲಿ ಮಾಡಿದರು ಎಂಬುದು ಎಲ್ಲಿಯೂ ಇರಲಿಲ್ಲ. ಆಟಿಕೆಗಳ ಗುಣಮಟ್ಟದ ಆಜ್ಞೆ 2021ರ ಜನವರಿ 1ರಿಂದ ಜಾರಿಯಲ್ಲಿರುವುದರಿಂದ ಕಾರ್ಖಾನೆಯ ಆಟಿಕೆಗೆ ಐ.ಎಸ್.ಐ. ಗುರುತು ಇರಲೇಬೇಕು, ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಬೊಂಬೆಗಳಿಗೂ ಭೌಗೋಳಿಕ ಸೂಚಿಕೆ ಪಡೆದ ಬೊಂಬೆಗಳಿಗೂ ವಿನಾಯಿತಿಯುಂಟು. ನಮ್ಮೆದುರಿನ ರಾಶಿಗೆ ಆ ಗುರುತೂ ಇಲ್ಲ, ಈ ಊರೂ ಇಲ್ಲ. ಇದ್ದದ್ದು ಎಲೆಯೊಂದೇ. ಆದರೂ ನಾವು ನಲವತ್ತು ತೆಗೆದುಕೊಂಡೆವು. ಅಗ್ಗದ ಸರಕಿನ ಮುಂದೆ ನಿಂತಾಗ ಓದಿದವರೂ ಓದುವುದನ್ನು ಮರೆಯುತ್ತಾರೆ.

ಮರುದಿನ ಏಟಿಕೊಪ್ಪಾಕಕ್ಕೆ ಹೋದದ್ದು, ನಿಜ ಹೇಳಬೇಕೆಂದರೆ, ಊರು ನೋಡುವ ಆಸೆಯಿಂದ. ವರಾಹ ನದಿಯ ದಂಡೆಯ ಹಳ್ಳಿ. ಒಂದು ಮನೆಯ ಮುಂದಿನ ಚಪ್ಪರದಲ್ಲಿ ಲೇತು ತಿರುಗುತ್ತಿತ್ತು. ಹಸಿ ಮರ ಒಣಗುವ ವಾಸನೆ ಮೂಗಿಗೆ ಬಡಿದೊಡನೆ ನಮ್ಮ ಕಾಲುಗಳು ನಿಂತುವು. ಆ ವಾಸನೆ ನಮಗೆ ಗೊತ್ತು. ನಮ್ಮ ಹುಟ್ಟೂರು ಚನ್ನಪಟ್ಟಣಕ್ಕೆ ಸಮೀಪದ ಹಳ್ಳಿ. ಹತ್ತನೆಯ ತರಗತಿಯವರೆಗೆ ಅಲ್ಲಿಯ ಕನ್ನಡ ಶಾಲೆಯಲ್ಲಿಯೇ ನಾವು ಓದಿದ್ದು. ಪಕ್ಕದ ಬೀದಿಯ ಸಾಬರೊಬ್ಬರು ಬೊಂಬೆ ಕಡೆಯುತ್ತಿದ್ದರು. ಆಲೆಮರದ ತುಂಡುಗಳನ್ನು ಹೊತ್ತು ಅವರ ಅಂಗಳಕ್ಕೆ ಹಾಕಿದರೆ ಸಂಜೆಗೆ ನಮಗೊಂದು ಬುಗುರಿ ಕೂಲಿ. ಇಲ್ಲಿ ಇವರು ಅಂಕುಡು ಎನ್ನುವ ಮರ ಅದೇ ಆಲೆ! ಕಡಿದಲ್ಲಿ ಹಾಲು ಸೋರುವ, ಕೊಂಬೆ ಕಳೆದುಕೊಂಡರೂ ಮತ್ತೆ ಚಿಗುರುವ ಮರ. ಇದಕ್ಕೆ ಉಳಿ ಸಲೀಸಾಗಿ ಓಡುತ್ತದೆ, ಅರಗು ಚೆನ್ನಾಗಿ ಹಿಡಿಯುತ್ತದೆ.

ಕೆಲಸವೂ ಅದೇ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಮೇಲೆ ಕೇದಗೆಯ ಗರಿಯಿಂದ ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ. ಚನ್ನಪಟ್ಟಣದ ಸಾಬರೂ ಏಟಿಕೊಪ್ಪಾಕದ ಈ ಕುಶಲಕರ್ಮಿಯೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಂದೇ ಮರ, ಒಂದೇ ಅರಗು, ಒಂದೇ ಗರಿ ಅವರಿಬ್ಬರನ್ನೂ ದಾಯಾದಿಗಳನ್ನಾಗಿ ಮಾಡಿವೆ. ಬಣ್ಣಗಳನ್ನು ಕೇಳಿದೆವು. ಅರಿಸಿನದಿಂದ ಹಳದಿ, ಜಾಫ್ರಾ ಬೀಜದಿಂದ ಕಿತ್ತಳೆ, ನೀಲಿಯ ಗಿಡದಿಂದ ನೀಲಿ. ನಡುವಿನ ಕಾಲದಲ್ಲಿ ಈ ಊರಿಗೂ ಡಬ್ಬಿಯ ರಾಸಾಯನಿಕ ಬಣ್ಣ ಬಂದು ನೆಲೆಸಿತ್ತು. ಅದನ್ನು ಬಿಡಿಸಿ ಗಿಡದ ಬಣ್ಣಗಳನ್ನು ಮರಳಿ ತರಲು ವರ್ಷಗಟ್ಟಲೆ ದುಡಿದವರು ಇದೇ ಊರಿನ ಸಿ. ವಿ. ರಾಜು ಅವರು. ಸರ್ಕಾರ 2023ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟು ಗೌರವಿಸಿತು.

ಒಂದು ಬುಗುರಿಗೆ ನೂರು ರೂಪಾಯಿ ಎಂದಾಗ ನಮಗೆ ತಡೆಯಲಾಗಲಿಲ್ಲ. “ಪೇಟೆಯಲ್ಲಿ ಇದೇ ಮೂವತ್ತು ರೂಪಾಯಿಗೆ ಸಿಕ್ಕಿತಲ್ಲ!” ಎಂದು ಚೀಲದಿಂದ ಒಂದನ್ನು ತೆಗೆದು ತೋರಿಸಿದೆವು. ಅವರು ಅದನ್ನು ಕೈಯಲ್ಲಿ ತೂಗಿನೋಡಿ, ಒದ್ದೆ ಬಟ್ಟೆಯಿಂದ ನಾಲ್ಕು ಸಲ ಉಜ್ಜಿದರು. ಬಟ್ಟೆ ಕೆಂಪಾಯಿತು. ತಮ್ಮದೊಂದನ್ನು ಉಜ್ಜಿದರು, ಬಟ್ಟೆ ಹಾಗೆಯೇ ಇತ್ತು. ನಾವು ತಲೆದೂಗಿದೆವು. “ಇದನ್ನು ನೋಡಿಯೂ ಪೂರ್ತಿ ನಂಬಬೇಡಿ ಪಂತುಲುಗಾರೂ, ಬಿಡದ ಬಣ್ಣವೆಲ್ಲ ಗಿಡದ ಬಣ್ಣವಲ್ಲ. ಅರಗಿನೊಳಗೆ ಡಬ್ಬಿಯ ಬಣ್ಣ ಕಲಸಿದರೂ ಅದು ಬಿಡುವುದಿಲ್ಲ. ಬಣ್ಣ ಕಾಯಿಸುವ ಒಲೆ ನೋಡಿ, ಮಡಕೆ ನೋಡಿ, ಆಮೇಲೆ ನಂಬಿ” ಎಂದು ನಮ್ಮನ್ನು ಹಿತ್ತಲಿಗೆ ಕರೆದೊಯ್ದರು. ಮಡಕೆಗಳನ್ನು ನೋಡಿದೆವು. ಒಂದು ಬಣ್ಣ ಹದಕ್ಕೆ ಬರಲು ಹಿಡಿಯುವ ದಿನಗಳನ್ನು ಕೇಳಿದೆವು. ನೂರು ರೂಪಾಯಿಯಲ್ಲಿ ಯಾವ ಪಾಲು ಎಲ್ಲಿಗೆ ಹೋಗುತ್ತದೆಂಬುದು ಕಣ್ಣಿಗೆ ಕಂಡಿತು. ಮೂವತ್ತು ರೂಪಾಯಿಯ ಬುಗುರಿಯಲ್ಲಿ ಉಳಿದ ಎಪ್ಪತ್ತನ್ನು ಯಾರೋ ಎಲ್ಲೋ ತೆತ್ತಿರಲೇಬೇಕು: ಬಣ್ಣದ ನೀರು ಹರಿದುಹೋಗುವ ಕಾಲುವೆಯೋ, ಬೊಂಬೆ ಕಚ್ಚುವ ಕೂಸೋ.

ಉಳಿದಿದ್ದ 1,500 ರೂಪಾಯಿಗೆ ಹದಿನೈದು ಕೊಂಡೆವು. ಹೊರಡುವಾಗ ಅವರು ಅಂಕುಡಿನ ಒಣಗಿದ ಕಾಯಿಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟು, “ಶಾಲೆಯಲ್ಲಿ ಹಾಕಿ” ಎಂದರು.

ಇಷ್ಟೆಲ್ಲ ಕಣ್ಣಾರೆ ಕಂಡು ಬಂದ ಮೇಲೆ ನಾವು ಮಾಡಿದ್ದೇನು? ಮಕ್ಕಳ 1,200 ರೂಪಾಯಿಯನ್ನು ಬೀಸಾಡುವ ಧೈರ್ಯ ಬರಲಿಲ್ಲ. ಪೇಟೆಯ ನಲವತ್ತನ್ನೂ ಹಳ್ಳಿಯ ಹದಿನೈದನ್ನೂ ಒಂದೇ ಬುಟ್ಟಿಗೆ ಸುರಿದು ಪ್ರತಿಯೊಂದಕ್ಕೂ 80 ರೂಪಾಯಿ ಬೆಲೆ ಕಟ್ಟಿದೆವು. ಪಕ್ಕದಲ್ಲಿ ಕೊಂಡಪಲ್ಲಿಯ ಆನೆಗಳು. ಮೇಲೆ ಉದ್ದಕ್ಕೂ ಒಂದು ಫಲಕ. ನಮ್ಮ ಕೈಬರಹ ಮೆಚ್ಚಿಕೆಯ ಮಾತಿಗೆ ಪಾತ್ರವಾದದ್ದೆಂದು ನಿಮಗೆ ಗೊತ್ತು, ಆ ದಿನ ಅದು ಇನ್ನೂ ಚೆಲುವಾಗಿ ಬಂದಿತ್ತು: “ಪರಿಸರಸ್ನೇಹಿ ಬೊಂಬೆಗಳು. ಅಪ್ಪಟ ಗಿಡದ ಬಣ್ಣ.”

ಫಲಕ ಕಟ್ಟಲು ಏಣಿ ಹಿಡಿದಿದ್ದ ಆರನೆಯ ತರಗತಿಯ ಹುಡುಗಿ ತಲೆಯೆತ್ತಿ, “ಸರ್ರೀ, ಇವೆಲ್ಲಾ ಖರೇನೇ ಗಿಡದ ಬಣ್ಣದವೇನ್ರಿ?” ಎಂದಳು.

“ಹೌದಮ್ಮಾ” ಎಂದೆವು.

ಅಂಗಡಿ ಮೂರು ಗಂಟೆಯಲ್ಲಿ ಬರಿದಾಯಿತು. 6,500 ರೂಪಾಯಿ ಬಂತು, ಲಾಭ 2,300. ಲೆಕ್ಕ ಬರೆದ ಹುಡುಗನ ಪುಸ್ತಕವನ್ನು ಮನೆಗೆ ತಂದು ನೋಡಿದಾಗ ಒಂದು ವಿಚಿತ್ರ ಕಂಡಿತು. ನೂರಕ್ಕೆ ತಂದ ನಿಜವಾದ ಬುಗುರಿಯಿಂದ ತಲಾ ಇಪ್ಪತ್ತು ರೂಪಾಯಿ ನಷ್ಟ. ಮೂವತ್ತಕ್ಕೆ ತಂದ ಹುಸಿಯದರಿಂದ ತಲಾ ಐವತ್ತು ಲಾಭ. ಒಂದೇ ಫಲಕದ ಕೆಳಗೆ ನಿಜವೂ ಹುಸಿಯೂ ನಿಂತಾಗ ಕೊಳ್ಳುವವರಿಗೆ ಭೇದ ತಿಳಿಯದು. ಭೇದ ತಿಳಿಯದಿದ್ದರೆ ಹೆಚ್ಚು ಬೆಲೆ ಕೊಡುವವರಾರು? ಹೀಗೆಯೇ ನಾಲ್ಕು ವರ್ಷ ನಡೆದರೆ ಏಟಿಕೊಪ್ಪಾಕದ ಹಿತ್ತಲಿನ ಮಡಕೆಗಳು ಕವುಚಿಬೀಳುತ್ತವೆ. ಅವನ್ನು ಕವುಚಿದವರಲ್ಲಿ ನಾವೂ ಒಬ್ಬರು.

ಒಂಬತ್ತನೆಯ ದಿನ ಏಳನೆಯ ತರಗತಿಯ ಹುಡುಗನೊಬ್ಬನ ತಾಯಿ ಬಂದರು. ಕಂಕುಳಲ್ಲಿ ಕೂಸು, ಕೈಯಲ್ಲಿ ಗಿಲಕಿ. ಕೂಸಿನ ನಾಲಗೆ, ತುಟಿ, ಅಂಗಿಯ ಎದೆ ಎಲ್ಲ ಕೆಂಪು. ರಕ್ತವೆಂದು ಹೆದರಿ ವೈದ್ಯರಲ್ಲಿಗೆ ಓಡಿ, ಅಲ್ಲಿಂದ ನೇರವಾಗಿ ಶಾಲೆಗೆ ಬಂದಿದ್ದರು. ಅಪಾಯವೇನಿಲ್ಲವೆಂದು ವೈದ್ಯರು ಹೇಳಿದ್ದರು; ಆದರೆ ಆ ತಾಯಿ ಜಗಳವಾಡಲಿಲ್ಲವೆಂಬುದೇ ನಮಗೆ ಕಷ್ಟವಾಯಿತು. “ನೀವು ಬರ್ದೀರಿ ಅಂತ ನಂಬಿ ತಗೊಂಡೆನ್ರಿ ಸರ” ಎಂದರು.

ಆ ಮಧ್ಯಾಹ್ನ ಎಂಟನೆಯ ತರಗತಿಯ ಮುಂದೆ ನಿಂತು ಇದ್ದುದನ್ನು ಇದ್ದಂತೆ ಹೇಳಿದೆವು. ಏಣಿ ಹಿಡಿದಿದ್ದ ಹುಡುಗಿಯನ್ನೂ ಕರೆಸಿದ್ದೆವು; ಅವಳು ನೆಲ ನೋಡುತ್ತಿದ್ದಳು. ನಾಚಿಕೆ ನಮ್ಮದು, ತಲೆ ತಗ್ಗಿಸಿದ್ದು ಅವಳು. ಬೊಂಬೆಗಳನ್ನು ಹಿಂದಕ್ಕೆ ತಂದರೆ ಹಣ ಕೊಡಲಾಗುವುದೆಂದು ಪ್ರಾರ್ಥನೆಯ ಹೊತ್ತಿನಲ್ಲಿ ಸಾರಿದೆವು. ಮೂವತ್ತೊಂದು ಮರಳಿ ಬಂದುವು. 2,480 ರೂಪಾಯಿ ಎಣಿಸಿಕೊಟ್ಟೆವು. ಲಾಭವೂ ಹೋಗಿ ಮೇಲೆ 180 ರೂಪಾಯಿ ಸಾಲ. ಮರಳಿ ಬಂದವುಗಳನ್ನು ಒದ್ದೆ ಬಟ್ಟೆಯಿಂದ ಉಜ್ಜಿನೋಡಿದಾಗ ಆರು ಏಟಿಕೊಪ್ಪಾಕದವೇ ಆಗಿದ್ದುವು. ಆ ಆರನ್ನು ಕೈಯಲ್ಲಿ ಹಿಡಿದಾಗ ಆದ ಸಂಕಟ ಹಣ ಹೋದದ್ದಕ್ಕೆ ಆಗಲಿಲ್ಲ. ಏನೂ ತಪ್ಪು ಮಾಡದವರ ಬೊಂಬೆ ನಮ್ಮ ಫಲಕದ ದೆಸೆಯಿಂದ ಕಳಂಕ ಹೊತ್ತು ಹಿಂದಿರುಗಿತ್ತು. ಕೊಂಡಪಲ್ಲಿಯ ಆನೆಗಳನ್ನು ಕೊಂಡ ಹತ್ತು ಮನೆಗಳಿಗೂ ಹೋಗಿ, ಆ ಹಿರಿಯರು ನಮಗೆ ಹೇಳಿದ್ದನ್ನು ಹೇಳಿ ಬಂದೆವು. ಯಾರೂ ಆನೆಯನ್ನು ಹಿಂದಕ್ಕೆ ಕೊಡಲಿಲ್ಲ. ಮೇಲಿನ ಗೂಡಿಗೆ ಏರಿಸಿಟ್ಟರು.

ಬಳಿಕ ತಿಳಿಯಿತು, ನಾವು ಮಾಡಿದ ಈ ಕೆಲಸಕ್ಕೆ ಕಾನೂನಿನಲ್ಲಿಯೂ ಸ್ಥಾನವಿದೆಯೆಂದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿಯೊಂದನ್ನು ಹೊರಡಿಸಿದೆ. ಹಸಿರು, ಪರಿಸರಸ್ನೇಹಿ, ಸಹಜ ಮುಂತಾದ ಮಾತುಗಳನ್ನು ಮಾರುವವರು ಬರಿದೇ ಬಳಸಕೂಡದು. ಯಾವ ಅಂಶದಲ್ಲಿ ಹಸಿರು, ಸರಕೋ, ಹೊದಿಕೆಯೋ, ಮಾಡುವ ವಿಧಾನವೋ ಎಂಬುದನ್ನು ವಿವರಿಸಿ ಆಧಾರವನ್ನೂ ಕೊಡಬೇಕು ಎಂಬುದು ಅದರ ಸಾರ. ಅದು ದೊಡ್ಡ ಕಂಪೆನಿಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ಶಾಲೆಯ ಮೇಜಿನ ಅಂಗಡಿಗಲ್ಲ ಎನ್ನಬಹುದು. ಆದರೆ ಗಂಡ ಹೆಂಡಿರು, ಕೂಲಿ ಮಾಡುವವರು, ನಂಬಿ ಬಂದ ತಾಯಂದಿರು ಕೊಳ್ಳುವುದು ಇಂಥ ಮೇಜುಗಳ ಮುಂದೆಯೇ. ಹಸಿರು ಎಲೆಯ ಚಿತ್ರ ಬರೆಯಲು ಯಾರಿಗೂ ಒಂದು ಎಲೆಯನ್ನು ಬೆಳೆಸಬೇಕಾಗಿಲ್ಲ.

ಈ ವರ್ಷದ ವಾರ್ಷಿಕೋತ್ಸವದಲ್ಲಿ ಮತ್ತೆ ಅಂಗಡಿಯಿಟ್ಟುದನ್ನು ನೀವು ನೋಡಿದ್ದೀರಿ. ಬೊಂಬೆಗಳು ಏಟಿಕೊಪ್ಪಾಕದಿಂದ ಅಂಚೆಯ ಮೂಲಕ ಬಂದುವು, ಕೆಲವು ಚನ್ನಪಟ್ಟಣದಿಂದ. ಫಲಕವನ್ನು ಬರೆದವರು ನಾವಲ್ಲ. ಏಣಿ ಹಿಡಿದಿದ್ದ ಹುಡುಗಿ, ಈಗ ಏಳನೆಯ ತರಗತಿ. ಅವಳ ಅಕ್ಷರ ಸ್ವಲ್ಪ ಬಾಗುತ್ತದೆ. “ಈ ಬುಗುರಿ ಏಟಿಕೊಪ್ಪಾಕದ್ದು. ಅಂಕುಡು ಮರ. ಅರಿಸಿನದ ಬಣ್ಣ, ನಮ್ಮ ಸರ್ ಒಲೆಯನ್ನು ನೋಡಿದ್ದಾರೆ. ಕೊಂಡದ್ದು 110, ಮಾರುವುದು 130. ಈ ಚನ್ನಪಟ್ಟಣದ ಗಿಲಕಿಯ ಬಣ್ಣ ಯಾವುದೆಂದು ಕೇಳಿ ಪತ್ರ ಬರೆದಿದ್ದೇವೆ, ಉತ್ತರ ಬಂದಿಲ್ಲ. ಚಿಕ್ಕ ಕೂಸಿಗೆ ಕೊಡಬೇಡಿರಿ.” ನಮ್ಮ ಹುಟ್ಟೂರಿನ ಸರಕಿಗೆ ಇಂಥ ಫಲಕವೇ ಎಂದು ಒಂದು ಗಳಿಗೆ ಮನಸ್ಸು ಮುದುಡಿತು. ಅಳಿಸು ಎನ್ನಲು ಬಾಯಿ ಬರಲಿಲ್ಲ.

ಜನ ನಿಂತು ಓದಿದರು, ನಕ್ಕರು, ಕೆಲವರು ಬೆಲೆ ಹೆಚ್ಚಾಯಿತೆಂದು ಮುಂದೆ ನಡೆದರು. ಹತ್ತೊಂಬತ್ತು ಬುಗುರಿ ಮಾರಾಟವಾದುವು. ಕೂಸಿಗಾಗಿ ಆ ತಾಯಿ ಬಂದು ಒಂದನ್ನು ಕೊಂಡರು. ಕೊಳ್ಳುವ ಮೊದಲು ಸೆರಗನ್ನು ನೀರಿನಲ್ಲಿ ಅದ್ದಿ ಉಜ್ಜಿನೋಡಿದರು. ಗಿಲಕಿಗಳಲ್ಲಿ ಒಂದೂ ಹೋಗಲಿಲ್ಲ. ಹಳೆಯ 180 ರೂಪಾಯಿ ಸಾಲ ತೀರಿ ಇನ್ನೂರು ಉಳಿದಿದೆ. ಕಪಾಟು ದೂರವಿದೆ, ಪುಸ್ತಕಗಳನ್ನು ಸದ್ಯಕ್ಕೆ ಬೆಂಚುಗಳ ಮೇಲೆ ಎತ್ತಿಟ್ಟಿದ್ದೇವೆ.

ಅಂಕುಡಿನ ಬೀಜಗಳಲ್ಲಿ ಎರಡು ಮೊಳೆತಿದ್ದುವು. ಒಂದನ್ನು ಆಡು ಮೇಯ್ದಿತು. ಇನ್ನೊಂದು ನೀರಿನ ತೊಟ್ಟಿಯ ಹಿಂದೆ ಮೊಣಕಾಲೆತ್ತರ ಬೆಳೆದಿದೆ. ಎಲೆ ಚಿವುಟಿ ಹಾಲು ಬರುತ್ತದೆಯೇ ಎಂದು ಪರೀಕ್ಷಿಸುವವರು ದಿನಕ್ಕೆ ಒಬ್ಬರಂತೆ ಪರೀಕ್ಷಿಸಬೇಕಾಗಿ ಕೋರಿಕೆ.